ಈರವ್ವ ಹೆಣೆದ ಸೀಟುಗಳು

ನೆನೆದ ಬೆತ್ತವನ್ನು ತೂತಿನಿಂದ ಎಳೆದಾಗ ಅದು ಕಿರ್ರ್ ಎನ್ನುತ್ತದೆ. ಹೊಸ ಚಪ್ಪಲಿ ಮೆಟ್ಟಿದ ಯಾರೋ ಪಕ್ಕದ ಕೋಣೆಯಲ್ಲಿ ಒಂದು ಹೆಜ್ಜೆ ಇಟ್ಟು ನಿಂತಂತೆ ಕೇಳಿಸುವ ಸದ್ದು ಅದು. ಮತ್ತೆ ಎಳೆದರೆ ಇನ್ನೊಂದು ಹೆಜ್ಜೆ. ಭಾನುವಾರದ ಬೆಳಿಗ್ಗೆ ಸಿಂಗಪುರದ ಸೆಲೆಟಾರ್‌ನ ಆ ತಗಡಿನ ಶೆಡ್ಡಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ವಾರದ ದಿನಗಳಲ್ಲಾದರೆ ಬೇಲಿಯಾಚೆ ವಿಮಾನದ ಎಂಜಿನ್‌ಗಳನ್ನು ಓಡಿಸಿ ನೋಡುವ ಅಬ್ಬರವಿರುತ್ತದೆ. ಭಾನುವಾರ ಅದೂ ಇಲ್ಲ. ಈರವ್ವ ಬೆತ್ತ ಎಳೆಯುತ್ತಾಳೆ, ಯಾರೋ ಒಂದು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ. ಬಾಗಿಲ ಕಡೆ ತಿರುಗಿ ನೋಡುವುದನ್ನು ಅವಳು ಎಂದೋ ಬಿಟ್ಟಿದ್ದಾಳೆ.

ಅವಳು ಕೂತು ಕೆಲಸ ಮಾಡುತ್ತಿದ್ದದ್ದು ಒಂದು ಹಳೆಯ ರೈಲು ಬೋಗಿಯೊಳಗೆ. ತೇಗದ ಮರದ ಬೋಗಿ. ಬ್ರಿಟಿಷರ ಕಾಲದಲ್ಲಿ ಸಿಂಗಪುರದಿಂದ ಹೊರಟು ಮಲಯಾದ ರಬ್ಬರ್ ತೋಟಗಳ ನಡುವೆ ಉತ್ತರಕ್ಕೆ ಓಡುತ್ತಿದ್ದದ್ದು. ಓಡುವುದು ನಿಂತ ಮೇಲೆ ಗಡಿಯಾಚೆಯ ಜೋಹೋರ್‌ನ ಯಾವುದೋ ತೋಟದಲ್ಲಿ ಗೊಬ್ಬರದ ಚೀಲ ಒಟ್ಟುವ ಕೋಣೆಯಾಗಿತ್ತು. ಹಳೆಯ ರೈಲುಗಳ ಮೇಲೆ ಪ್ರೀತಿ ಇದ್ದ ಕೆಲವರು ಸಂಘ ಕಟ್ಟಿಕೊಂಡು ಅದನ್ನು ಟ್ರೇಲರ್ ಮೇಲೆ ಹೇರಿ ಸೇತುವೆ ದಾಟಿಸಿ ತಂದರು. ಶೆಡ್ಡಿನ ಹೊರಗೆ ಒಂದು ಬಸ್‌ಸ್ಟಾಪಿನಿಂದ ಇನ್ನೊಂದಕ್ಕೆ ಇರುವಷ್ಟು ದೂರ ಹಳಿ ಹಾಕಿದರು. ಒಂದು ಪುಟ್ಟ ಡೀಸೆಲ್ ಎಂಜಿನ್ ಹೊಂದಿಸಿದರು. ಬೋಗಿ ರಿಪೇರಿಯಾದ ಮೇಲೆ ಜನ ಅದರಲ್ಲಿ ಕೂತು ಆ ತುದಿಯವರೆಗೆ ಹೋಗಿ ಬರಬೇಕು, ಅಷ್ಟೇ ಅವರ ಆಸೆ.

ಸಂಘದ ಕಾರ್ಯದರ್ಶಿ ಶಿವರಾಮ್ ಮೈಸೂರಿನವರು. ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದವರು. ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುವ ಮೃದು ಮನುಷ್ಯ. ಕನ್ನಡದವರ ಯುಗಾದಿ ಊಟದಲ್ಲಿ ಈರವ್ವನಿಗೂ ಅವರಿಗೂ ಪಕ್ಕದ ಎಲೆ ಬಿದ್ದಿತ್ತು. ಅವಳು ಸೆಲೆಟಾರ್‌ನಲ್ಲೇ ವಿಮಾನದ ಸೀಟುಗಳ ಕವರ್ ಹೊಲಿಯುತ್ತಾಳೆಂದು ತಿಳಿದದ್ದೇ ಅವರು ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟರು.

"ನಮ್ಮ ಬೋಗಿ ಸೀಟ್ ನೋಡ್ತೀರಾ ಈರವ್ವನವ್ರೇ? ಬೆತ್ತದ್ದು. ಇಲಿ ತಿಂದು ಹಾಳಾಗಿದೆ. ಮಾಡೋರು ಯಾರೂ ಸಿಗ್ತಿಲ್ಲ."

"ನಾನು ಬೆತ್ತ ಮುಟ್ಟಿಲ್ಲ ಸರ್. ಬಟ್ಟೆ, ಲೆದರ್ ಆದ್ರೆ ಗೊತ್ತು."

"ಕಲ್ತ್ಕೊಳ್ಳೋಣ ಬಿಡಿ. ಮ್ಯೂಸಿಯಂ ಮಾಡ್ತಿಲ್ಲ ನಾವು. ಜನ ಕೂತ್ಕೊಂಡು ಹೋಗ್ಬೇಕು, ಅಷ್ಟು ಗಟ್ಟಿ ಇದ್ರೆ ಸಾಕು."

ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ಜನ ಕೂತ್ಕೊಂಡು ಹೋಗ್ಬೇಕು.

ಗದಗಿನಲ್ಲಿ ಅವಳ ತವರಿನವರು ಹೊರಸು ಹೆಣೆಯುತ್ತಿದ್ದರು. ನೂಲಿನ ಹಗ್ಗ, ನಾರಿನ ಹಗ್ಗ, ಆಮೇಲಾಮೇಲೆ ನವಾರಪಟ್ಟಿ. ಅವ್ವ ಹೊರಸಿನ ಒಂದು ಕಾಲಿಗೆ ಪಾದ ಒತ್ತಿ ಹಗ್ಗ ಎಳೆಯುತ್ತಿದ್ದ ಭಂಗಿ ಈರವ್ವನ ಮೈಯಲ್ಲಿ ಕೂತಿತ್ತು. ಹೊರಸು ಹೆಣೆದು ಮುಗಿದ ದಿನ ಅದನ್ನು ಬರಿದಾಗಿ ಬಿಡುತ್ತಿರಲಿಲ್ಲ. ಕೊಳ್ಳುವವರು ಬಂದಿರದಿದ್ದರೆ ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು, ಬೆಲ್ಲದ ಚೂರೊಂದನ್ನು ಕೈಗಿಟ್ಟು, ಒಂದು ಗಳಿಗೆ ಕೂರಿಸುತ್ತಿದ್ದರು. ಹೊಸ ಹೊರಸು ಖಾಲಿ ಉಳಿದರೆ ಅದಕ್ಕೂ ಚಟ್ಟಕ್ಕೂ ಏನು ವ್ಯತ್ಯಾಸ ಎಂಬುದು ಅವ್ವನ ಪ್ರಶ್ನೆ. ಸಣ್ಣವಳಿದ್ದಾಗ ಈರವ್ವ ತಾನೇ ಓಡಿ ಹೋಗಿ ಕೂರಲು ನೋಡಿದರೆ ಅವ್ವ ಎಬ್ಬಿಸುತ್ತಿದ್ದಳು. ಮನೆಯವರು ಕೂತರೆ ಅದು ಲೆಕ್ಕಕ್ಕಿಲ್ಲ. ಹೆಣೆದ ಕೈಗಳಿಗೆ ಸಂಬಂಧವಿಲ್ಲದವರೇ ಕೂರಬೇಕು.

ಬೋಗಿಯಲ್ಲಿ ಹಳೆಯ ಸೀಟು ಒಂದೇ ಒಂದು ಅರೆಬರೆ ಉಳಿದಿತ್ತು. ಅದನ್ನು ಅವಳು ಒಂದೊಂದೇ ಎಳೆ ಬಿಚ್ಚಿ ಬೆತ್ತದ ಕೆಲಸ ಕಲಿತಳು. ಉದ್ದಕ್ಕೆ ಎರಡು ಸಾಲು, ಅಡ್ಡಕ್ಕೆ ಎರಡು, ಮೂಲೆಯಿಂದ ಮೂಲೆಗೆ ಎರಡು. ಎಳೆ ಜಾರದಂತೆ ತೂತಿಗೆ ಬೆಣೆ ಹೊಡೆಯಬೇಕು. ಅದಕ್ಕೆ ಶಿವರಾಮ್ ತಮ್ಮ ಗಾಲ್ಫ್ ಚೀಲದಿಂದ ಚೆಂಡು ಇಡುವ ಮರದ ಮೊಳೆಗಳನ್ನು ಹಿಡಿಹಿಡಿಯಾಗಿ ತಂದುಕೊಟ್ಟರು. ಬಿಳಿ, ಹಳದಿ, ಕೆಂಪು ಮೊಳೆಗಳು ಸುತ್ತ ನಿಂತ ಆ ಸೀಟು ಯಾರದೋ ಹುಟ್ಟುಹಬ್ಬದ ಕೇಕಿನ ಹಾಗೆ ಕಾಣುತ್ತಿತ್ತು.

ಮೊದಲ ಸೀಟುಗಳು ಕೆಟ್ಟವು. ವಿಮಾನದ ಸೀಟಿನಲ್ಲಿ ಒಂದು ಸುಕ್ಕು ಉಳಿದರೂ ಕವರ್ ವಾಪಸ್ ಬರುತ್ತದೆ. ಆ ಅಭ್ಯಾಸದಿಂದ ಅವಳು ಬೆತ್ತವನ್ನೂ ಬಿಗಿಯಾಗಿ, ತಮಟೆಯಂತೆ ಎಳೆದು ಕಟ್ಟಿದಳು. ಒದ್ದೆ ಬೆತ್ತ ಒಣಗುತ್ತಾ ತಾನೇ ಬಿಗಿಯುತ್ತದೆ. ಮಧ್ಯಾಹ್ನದ ಬಿಸಿಗೆ ಟಪ್ ಎಂದು ಒಂದು ಎಳೆ ಹರಿಯಿತು, ಅದರ ಹಿಂದೆ ಇನ್ನೊಂದು. ಬೋಗಿಯ ಮರಗೆಲಸ ಮಾಡುತ್ತಿದ್ದ ಆಂಗ್ ಅಂಕಲ್ ಉಳಿ ಕೆಳಗಿಟ್ಟು ಬಂದು ನೋಡಿದ.

"ಟೂ ಟೈಟ್, ಸಿಸ್ಟರ್. ಗಿವ್ ಪೀಪಲ್ ಸಮ್ ಸ್ಪೇಸ್ ಲಾ."

ಎಪ್ಪತ್ತು ದಾಟಿದ ಚೀನೀ ಬಡಗಿ. ಅವನಿಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವಳದೂ ಅಷ್ಟಕ್ಕಷ್ಟೆ. ಹಾಗಾಗಿ ಇಬ್ಬರಿಗೂ ಸಂಕೋಚವಿರಲಿಲ್ಲ. ಕೂರುವವರ ಭಾರಕ್ಕೆ ಒಂದಿಷ್ಟು ಜಾಗ ಬಿಟ್ಟು ಹೆಣೆಯಬೇಕೆಂದು ಅವಳು ಅವನಿಂದ ತಿಳಿದಳು. ಅಲ್ಲಿಂದ ಅದು ಇಬ್ಬರ ರೂಢಿಯಾಯಿತು. ಒಂದು ಸೀಟು ಮುಗಿದು ಒಣಗಿದ ಮೇಲೆ ಅವಳು ಕೈ ತೋರಿಸುತ್ತಿದ್ದಳು, ಅವನು ಪ್ಯಾಂಟಿನ ಮರದ ಪುಡಿ ಕೊಡವಿ ಬಂದು ಧಪ್ಪೆಂದು ಕೂರುತ್ತಿದ್ದ. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದ. ಕಿಟಕಿಯ ಹೊರಗೆ ನೋಡಿ, ಊರು ಹಿಂದೆ ಸರಿಯುತ್ತಿದೆ ಎಂಬಂತೆ ಕೈ ಬೀಸುತ್ತಿದ್ದ. ಆಮೇಲೆ ತೀರ್ಪು. ಆಗಬಹುದು ಎನ್ನಲು ಅವನಿಗೆ ಒಂದೇ ಪದ.

"ಕ್ಯಾನ್."

ಒಮ್ಮೊಮ್ಮೆ, "ದಿಸ್ ಒನ್ ಕೆನಾಟ್. ವೆರಿ ಹಾರ್ಡ್. ಲೈಕ್ ಮೈ ವೈಫ್."

"ಐ ಟೆಲ್ ಯುವರ್ ವೈಫ್!"

"ಟೆಲ್ ಲಾ! ಶೀ ನೋ ಆಲ್ರೆಡಿ."

ಅವಳು ಗಟ್ಟಿಯಾಗಿ ನಗುತ್ತಿದ್ದದ್ದು ವಾರದಲ್ಲಿ ಅದೊಂದೇ ಸಲ. ಅವನು ಕೂತೆದ್ದ ಸೀಟಿನ ಮೇಲೆ ಅವಳು ಅಂಗೈ ಇಟ್ಟು ನೋಡುತ್ತಿದ್ದಳು. ಬೆತ್ತ ಬೆಚ್ಚಗಿರುತ್ತಿತ್ತು.

ಈ ರೂಢಿ ತನಗೆ ಯಾಕಿಷ್ಟು ಬೇಕು ಎಂದು ಅವಳು ಆಂಗ್‌ಗೆ ಹೇಳಲಿಲ್ಲ. ಹೇಳುವಷ್ಟು ಇಂಗ್ಲಿಷ್ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ.

ಅವಳ ಗಂಡ ಚನ್ನಪ್ಪ ವಿಮಾನ ರಿಪೇರಿಯ ಮೆಕ್ಯಾನಿಕ್. ಮದುವೆಯಾಗಿ ಅವನೊಂದಿಗೆ ಈ ದೇಶಕ್ಕೆ ಬಂದವಳು ಅವಳು. ಮಕ್ಕಳಾಗಲಿಲ್ಲ, ಯಿಶುನ್‌ನ ಫ್ಲ್ಯಾಟಿನಲ್ಲಿ ಇಬ್ಬರೇ ಮಾತಾಡಿ, ಜಗಳಾಡಿ, ಭಾನುವಾರ ರೊಟ್ಟಿ ತಟ್ಟಿಕೊಂಡು ಇದ್ದರು. ಕೋವಿಡ್‌ಗೆ ಮುಂಚಿನ ವರ್ಷ ಅವನ ಎದೆಬಡಿತ ನಿಂತುಹೋಯಿತು. ಚನ್ನಪ್ಪನ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಕೂರಿಸುತ್ತಾರೆ. ಕೂತ ಹಾಗೆಯೇ ಹೊತ್ತೊಯ್ದು, ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ಅಂದು ಗದಗಿನಿಂದ ವಿಡಿಯೋ ಕಾಲ್‌ನಲ್ಲಿ ಮೈದುನ ಕೂಗುತ್ತಲೇ ಇದ್ದ, "ಕುಂದರಸ್ರಿ ವೈನಿ, ಅಣ್ಣನ್ನ ಮಲಗಸಬ್ಯಾಡ್ರಿ." ಶವಸಂಸ್ಕಾರದವರ ಕಡೆಯ ಹುಡುಗ ಸೌಮ್ಯವಾಗಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದ. ಅವಳು ಎಲ್ಲದಕ್ಕೂ ಎಸ್, ಎಸ್ ಎಂದಳು. ಬೇರೆ ದಾರಿ ಇತ್ತೋ ಇಲ್ಲವೋ, ಕೇಳುವಷ್ಟು ಮಾತು ಆ ದಿನ ಅವಳ ಬಾಯಲ್ಲಿ ಉಳಿದಿರಲಿಲ್ಲ. ಚನ್ನಪ್ಪ ಪೆಟ್ಟಿಗೆಯಲ್ಲಿ ಮಲಗಿ ಮಂದಾಯಿಯ ಚಿತಾಗಾರಕ್ಕೆ ಹೋದ. ಜೀವಮಾನವಿಡೀ ಹಗಲು ಮಲಗಿದವನಲ್ಲ ಅವನು.

ಅಂದಿನಿಂದ ಖಾಲಿ ಕುರ್ಚಿ ಕಂಡರೆ ಅವಳ ಕಣ್ಣು ಪಕ್ಕಕ್ಕೆ ಸರಿಯುತ್ತದೆ. ಎಂಆರ್‌ಟಿ ರೈಲಿನಲ್ಲಿ ತನ್ನೆದುರಿನ ಸೀಟಿಗೆ ಯಾರಾದರೂ ಬಂದು ಕೂತರೆ ಹಾಯೆನಿಸುತ್ತದೆ. ಬೋಗಿಯ ಕೆಲಸಕ್ಕೆ ಅವಳು ಅಂಟಿಕೊಂಡದ್ದು ಹೀಗೆ. ಗೊತ್ತಿಲ್ಲದ ಜನ ಬರುತ್ತಾರೆ, ಕೂರುತ್ತಾರೆ, ಒಂದಿಷ್ಟು ದೂರ ಹೋಗುತ್ತಾರೆ.

ಹೋದ ವರ್ಷ ಆಂಗ್ ಅಂಕಲ್‌ನ ಮೊಣಕಾಲಿಗೆ ಆಪರೇಷನ್ ಆಯಿತು. ಆಮೇಲೆ ಅವನಿಂದ ಬೋಗಿಯ ಎತ್ತರದ ಮೆಟ್ಟಿಲು ಹತ್ತಲಾಗಲಿಲ್ಲ. ಉಳಿಗಳನ್ನು ಒಯ್ಯಲು ಒಮ್ಮೆ ಬಂದವನು ಕೆಳಗೆ ನಿಂತೇ, "ಸಿಸ್ಟರ್, ಯು ಫಿನಿಶ್," ಎಂದು ಕೈ ಎತ್ತಿ ಹೋದ. ಅಲ್ಲಿಂದ ಮುಂದೆ ಹೆಣೆದ ಸೀಟುಗಳಲ್ಲಿ ಯಾರೂ ಕೂರಲಿಲ್ಲ. ಇತರ ಸದಸ್ಯರು ಬರುತ್ತಿದ್ದದ್ದು ಶನಿವಾರ, ಎಂಜಿನ್ನಿಗೆ. ಭಾನುವಾರ ಶೆಡ್ಡು ಅವಳೊಬ್ಬಳದೇ. ಇರಲಿ, ಓಪನಿಂಗ್ ದಿನ ಎಲ್ಲ ಸೀಟೂ ಒಟ್ಟಿಗೆ ತುಂಬುತ್ತವಲ್ಲ ಎಂದುಕೊಂಡಳು. ಅದೊಂದು ಮಾತನ್ನು ಹಿಡಿದುಕೊಂಡು ಬೋಗಿಯ ಕೊನೆಯ ಸಾಲಿನವರೆಗೆ ಹೆಣೆದಳು.

ಓಪನಿಂಗ್‌ಗೆ ಮುಂಚಿನ ಭಾನುವಾರ ಶಿವರಾಮ್ ಬಂದರು. ಜೊತೆಗೆ ವರ್ಣಿಕಾ ಇದ್ದಳು. ಬೆಂಗಳೂರಿನ ಹುಡುಗಿ, ಯಾವುದೋ ಐಟಿ ಕಂಪನಿಯ ಕೆಲಸದ ನಡುವೆ ಸಂಘದ ಪ್ರಚಾರ ನೋಡಿಕೊಳ್ಳುವವಳು.

"ವಾವ್ ಆಂಟಿ, ಸಖತ್ತಾಗಿದೆ!" ವರ್ಣಿಕಾ ಫೋನ್ ಎತ್ತಿ ಸೀಟುಗಳ ಉದ್ದಕ್ಕೂ ನಡೆದಳು. "ಆದ್ರೆ ಇವು ಸ್ವಲ್ಪ ಲೂಸ್ ಕಾಣ್ತಿವೆ ಅಲ್ವಾ? ಫೋಟೋಗೆ ಒಂಚೂರು ಟೈಟ್ ಮಾಡೋಕಾಗುತ್ತಾ?"

"ಅದು ಕೂರೋರಿಗೆ ಬಿಟ್ಟಿರೋ ಜಾಗ ಕಣಮ್ಮಾ. ಕೂತ್ರೆ ಸರಿಹೋಗುತ್ತೆ."

ವರ್ಣಿಕಾ ಶಿವರಾಮರ ಮುಖ ನೋಡಿದಳು. ಶಿವರಾಮ್ ಕಿಟಕಿಯ ಚರ್ಮದ ಪಟ್ಟಿ ಹಿಡಿದು ನಿಂತರು.

"ಅದೇ ವಿಷಯ ಹೇಳ್ಬೇಕಿತ್ತು ಈರವ್ವನವ್ರೇ. ಇನ್ಶೂರೆನ್ಸ್‌ನವರು ಒಪ್ತಿಲ್ಲ. ಬೋಗಿ ಓಡುವಾಗ ಜನ ಹಳೇ ಸ್ಟೈಲ್ ಸೀಟಲ್ಲಿ ಕೂರೋ ಹಾಗಿಲ್ಲ, ಬೆಂಕಿ ರೂಲು, ಅದು ಇದು. ಮುಂದಿನ ಅರ್ಧಕ್ಕೆ ಪ್ಲಾಸ್ಟಿಕ್ ಸೀಟ್ ಹಾಕಿಸ್ತಿದೀವಿ. ನಿಮ್ಮ ಸೀಟೆಲ್ಲ ಹತ್ತಿರಹತ್ತಿರ ಜೋಡಿಸಿ ಹಿಂದಿನ ಅರ್ಧಕ್ಕೆ. ಡಿಸ್‌ಪ್ಲೇ. ಒಂದು ಚಂದದ ಹಗ್ಗ ಕಟ್ತೀವಿ, ಯಾರೂ ಮುಟ್ಟಲ್ಲ. ನೂರು ವರ್ಷ ಹೀಗೇ ಇರುತ್ತೆ ನೋಡಿ."

ಈರವ್ವನ ಕೈಯಲ್ಲಿ ಅರ್ಧ ಎಳೆದ ಬೆತ್ತವಿತ್ತು. ಅದರ ತುದಿಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕಿತು.

"ನಿಂತಿದ್ದಾಗ? ಬೋಗಿ ನಿಂತಿದ್ದಾಗ ಕೂರಬಹುದಲ್ಲ ಸರ್?"

"ಒಬ್ರಿಗೆ ಬಿಟ್ರೆ ಎಲ್ರಿಗೂ ಬಿಡ್ಬೇಕಾಗುತ್ತೆ. ನಿಮ್ಮ ಹೆಸರಿನ ಬೋರ್ಡ್ ಇರುತ್ತೆ, ಹಿತ್ತಾಳೇದು. ಅದನ್ನ ನಾನೇ ಹಟ ಹಿಡಿದು ಮಾಡಿಸಿದ್ದು."

"ಆಯ್ತು ಸರ್," ಎಂದಳು ಈರವ್ವ. ಅವಳ ಕಡೆಯವರು ಹಿರಿಯರ ಮುಂದೆ ಮೊದಲು ಅನ್ನುವುದು ಅದನ್ನೇ.

ಆ ವಾರ ಕಾರ್ಖಾನೆಯಲ್ಲಿ ಅವಳು ಹೊಲಿದ ಕವರುಗಳೆಲ್ಲ ಸರಿಯಾಗಿಯೇ ಇದ್ದವು. ಸಾಲು ಊಟದಂಗಡಿಗಳ ಹಾಕರ್ ಸೆಂಟರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಯಾರೋ, "ಆಂಟಿ, ದಿಸ್ ಸೀಟ್ ಗಾಟ್ ಪೀಪಲ್?" ಎಂದು ಎದುರಿನ ಸ್ಟೂಲು ತೋರಿಸಿದರು. ಇಲ್ಲ, ಕೂತ್ಕೊಳ್ಳಿ ಎಂದು ಸನ್ನೆ ಮಾಡುವಷ್ಟರಲ್ಲಿ ಅವರು ಸ್ಟೂಲನ್ನೇ ಎಳೆದುಕೊಂಡು ಬೇರೆ ಟೇಬಲಿಗೆ ಹೋದರು. ಸಂಜೆ ಮನೆಗೆ ಬಂದು ದೀಪ ಹಚ್ಚಿದಳು. ಶಿವರಾಮರಿಗೆ ಫೋನ್ ಮಾಡಬೇಕೆಂದು ಎರಡು ಸಲ ಕೈಗೆತ್ತಿಕೊಂಡಳು. ಏನೆಂದು ಹೇಳುವುದು? ಸೀಟು ಖಾಲಿ ಇರಬಾರದು ಎಂದೇ? ಅವರು ಕಾರಣ ಕೇಳುತ್ತಾರೆ. ಅವ್ವನ ಹೊರಸು, ಚನ್ನಪ್ಪನ ಪೆಟ್ಟಿಗೆ, ಎಲ್ಲ ಹೇಳಬೇಕಾಗುತ್ತದೆ. ಬೆಂಗಳೂರು ಮೈಸೂರಿನವರ ಮುಂದೆ ತಿದ್ದಿಕೊಂಡು ಆಡುವ ಕನ್ನಡದಲ್ಲಿ ಅದನ್ನೆಲ್ಲ ಹೇಳಲು ಬರುತ್ತದೆಯೇ? ಫೋನ್ ಇಟ್ಟಳು.

ಆದರೆ ಓಪನಿಂಗ್‌ನ ಶನಿವಾರ ಬೆಳಿಗ್ಗೆ ಇಳಕಲ್ ಸೀರೆ ಉಡುವ ಹೊತ್ತಿಗೆ ಒಂದು ನಿರ್ಧಾರ ಅವಳೊಳಗೆ ಬಂದು ನಿಂತಿತ್ತು. ಎಲ್ಲ ಸೀಟು ಬೇಡ. ಒಂದರಲ್ಲಿ, ಒಬ್ಬರು, ಒಂದು ಗಳಿಗೆ. ಅಷ್ಟನ್ನು ಬಾಯಿಬಿಟ್ಟು ಕೇಳುವುದು.

ಶೆಡ್ಡಿನ ಮುಂದೆ ಜನ ಜಾತ್ರೆಯಂತೆ ನೆರೆದಿದ್ದರು. ಬಲೂನು ಕಟ್ಟಿದ್ದರು. ಪುಟ್ಟ ಎಂಜಿನ್ ಕೂಗು ಹಾಕುತ್ತಾ ಬೋಗಿಯನ್ನು ಎಳೆದೊಯ್ದು, ಮತ್ತೆ ತಳ್ಳಿಕೊಂಡು ಬರುತ್ತಿತ್ತು. ಮುಂದಿನ ಅರ್ಧದ ನೀಲಿ ಪ್ಲಾಸ್ಟಿಕ್ ಸೀಟುಗಳಲ್ಲಿ ಜನ ಒತ್ತಿಕೊಂಡು ಕೂತಿದ್ದರು, ಕೆಲವರು ನಿಂತಿದ್ದರು. ಹಿಂದಿನ ಅರ್ಧದಲ್ಲಿ ಕೆಂಪು ಮಖಮಲ್ಲಿನ ಹಗ್ಗದಾಚೆ ಬೆತ್ತದ ಸೀಟುಗಳು ಸಾಲಾಗಿ ಹೊಳೆಯುತ್ತಿದ್ದವು. ಜನ ಹಗ್ಗದವರೆಗೆ ಬಂದು, ಬಾಗಿ, ಫೋಟೋ ತೆಗೆದು ಹಿಂದಿರುಗುತ್ತಿದ್ದರು. ಒಬ್ಬ ಹೆಂಗಸು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು, ಕೂರಲು ಜಾಗವಿಲ್ಲದೆ, ಹಗ್ಗದ ಕಂಬಕ್ಕೆ ಒರಗಿ ನಿಂತಿದ್ದಳು.

ಈರವ್ವ ಹಗ್ಗದ ಒಳಗೆ ನಿಂತಿದ್ದಳು. ಅದನ್ನು ದಾಟಲು ಅವಳಿಗೆ ಅನುಮತಿ ಇತ್ತು. ಎದೆಯ ಮೇಲೆ ಬ್ಯಾಡ್ಜು ಇತ್ತು.

ಬೋಗಿ ಒಂದು ಸುತ್ತು ಮುಗಿಸಿ ನಿಂತು ಜನ ಇಳಿದಾಗ ಶಿವರಾಮ್ ಬೆವರು ಒರೆಸುತ್ತಾ ಬಂದರು. ಅವರ ಮುಖ ಬೆಳಗುತ್ತಿತ್ತು.

"ಎಲ್ರೂ ನಿಮ್ ಸೀಟಿನ್ ಬಗ್ಗೇನೇ ಕೇಳ್ತಿದಾರೆ ಈರವ್ವನವ್ರೇ!"

"ಸರ್, ಒಂದು ಮಾತು."

"ಹೇಳಿ ಹೇಳಿ."

"ನೀವು ಇಲ್ಲಿ ಒಂದ್ಸಲ ಕುಂದರ್ರಿ." ತಿದ್ದಿಕೊಂಡ ಕನ್ನಡ ತಪ್ಪಿಹೋದದ್ದು ಅವಳಿಗೆ ಗೊತ್ತಾಯಿತು, ಆದರೆ ನಿಲ್ಲಿಸಲಿಲ್ಲ. "ಈ ಕಿಟಕಿ ಬಾಜೂದ್ರಾಗ. ಒಂದ್ ಗಳಿಗಿ ಸಾಕ್ರಿ. ಈಗ ಬೋಗಿ ನಿಂತದ, ಯಾರೂ ಇಲ್ಲ. ಕೂತು ಎದ್ದುಬಿಡ್ರಿ. ನನಗ ಬ್ಯಾರೆ ಏನೂ ಬ್ಯಾಡ."

ಶಿವರಾಮ್ ಸೀಟನ್ನು ನೋಡಿದರು. ಒಂದು ಕ್ಷಣ ಅವರು ಕೂರುತ್ತಾರೆಂದೇ ಅನಿಸಿತು. ಕೈ ಪ್ಯಾಂಟಿನ ಮಡಿಕೆ ಎತ್ತಿಕೊಳ್ಳಲು ಹೋಗಿತ್ತು. ಆಗ ಬಾಗಿಲಲ್ಲಿ ವರ್ಣಿಕಾಳ ತಲೆ ಕಾಣಿಸಿತು, ಅವಳ ಹಿಂದೆ ಕ್ಯಾಮೆರಾ ಹಿಡಿದ ಇಬ್ಬರು. ಶಿವರಾಮ್ ನೆಟ್ಟಗಾದರು.

"ಅಯ್ಯೋ, ರೂಲ್ ಮಾಡಿದವನು ನಾನೇ. ನಾನೇ ಮುರಿದ್ರೆ ಹೇಗೆ?" ನಕ್ಕರು. ಒಳ್ಳೆಯ ನಗು. "ಇದು ಈಗ ಕೂರೋಕಲ್ಲ, ಕಾಪಾಡೋಕೆ ಇರೋದು. ನನ್ನಂಥ ತೊಂಬತ್ತು ಕಿಲೋ ಆಸಾಮಿ ಕೂತು ಒಂದು ಎಳೆ ಹರಿದ್ರೆ ನೀವೇ ಶಾಪ ಹಾಕ್ತೀರ."

"ಹರೀಲಿ ಬಿಡ್ರಿ ಸರ್. ಹರದ್ರ ಮತ್ತ ಹೆಣಿತೀನಿ."

"ಛೆ ಛೆ, ಅಷ್ಟು ಕಷ್ಟಪಟ್ಟಿದೀರಾ."

"ಆಂಟಿ, ಸೂಪರ್ ಐಡಿಯಾ!" ವರ್ಣಿಕಾ ಒಳಗೆ ಬಂದಳು. "ಅಂಕಲ್ ಬೇಡ, ನೀವು ಕೂತ್ಕೊಳ್ಳಿ. ಮಾಡಿದವರೇ ಕೂತಿರೋ ಫೋಟೋ. ಅದೊಂದಕ್ಕೆ ಪರ್ಮಿಷನ್ ಇದೆ ಅಲ್ವಾ ಅಂಕಲ್?"

"ಖಂಡಿತ! ಅವರೊಬ್ರಿಗೆ ಯಾರು ಬೇಡ ಅಂತಾರೆ?"

"ನಾ ಕೂತ್ರ ಆಗೂದಿಲ್ಲವ್ವಾ," ಎಂದಳು ಈರವ್ವ.

"ಯಾಕ್ ಆಂಟಿ? ನಾಚ್ಕೆ ಏನಕ್ಕೆ? ಸೀರೆ ಎಷ್ಟು ಚೆನ್ನಾಗಿದೆ."

"ನಾಚಿಕಿ ಅಲ್ಲ."

ಅವಳು ಮುಂದೇನು ಹೇಳುತ್ತಾಳೋ ಎಂದು ಅವರು ಕಾದರು. ಇಬ್ಬರೂ ನಿಜವಾಗಿ ಕೇಳಿಸಿಕೊಳ್ಳಲು ನಿಂತಿದ್ದರು. ಅದು ಅವಳಿಗೂ ಕಂಡಿತು. ಹೇಳಬಹುದಿತ್ತು. ಅವಳು ಸಾಲಿನ ಉದ್ದಕ್ಕೂ ಒಮ್ಮೆ ನೋಡಿದಳು. ಪ್ರತಿ ಸೀಟೂ ಯಾರಿಗೋ ಒಂದಿಷ್ಟು ಜಾಗ ಬಿಟ್ಟು ಸ್ವಲ್ಪವೇ ತಗ್ಗಿ ನಿಂತಿತ್ತು.

"ಇವರಿಗೆ ಬೆಳಿಗ್ಗೆಯಿಂದ ನಿಂತು ಸುಸ್ತಾಗಿದೆ," ಎಂದರು ಶಿವರಾಮ್ ಕ್ಯಾಮೆರಾದವರಿಗೆ. ಆಮೇಲೆ ಅವಳ ಕಡೆ ತಿರುಗಿ, "ಬನ್ನಿ, ಮೊದಲು ಬೋರ್ಡ್ ನೋಡಿ ಬನ್ನಿ. ನಿಮ್ಮ ಹೆಸರು ಎಷ್ಟು ಚಂದ ಕೆತ್ತಿದಾರೆ ಅಂದ್ರೆ, ಕನ್ನಡದಲ್ಲೂ ಹಾಕ್ಸಿದೀನಿ, ಇಂಗ್ಲಿಷಲ್ಲೂ. ಮುಂದಿನ ತಿಂಗಳು ಇನ್ನೊಂದು ಬೋಗಿ ನೋಡೋಕೆ ಹೋಗ್ತಿದೀವಿ, ಅದರದ್ದೂ ಬೆತ್ತದ ಸೀಟೇ, ನೀವು ಇಲ್ದೆ ನಮಗೆ..."

ಈರವ್ವ ಬ್ಯಾಡ್ಜನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗದ ಕೆಳಗೆ ಬಾಗಿ ಈಚೆ ಬಂದಳು. ಎತ್ತರದ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದೇ ಇಳಿದಳು. ಮುಂದಿನ ಸುತ್ತಿಗೆ ಸಾಲು ನಿಂತಿದ್ದ ಜನ ಅವಳಿಗೆ ದಾರಿ ಬಿಟ್ಟರು.

"ಈರವ್ವನವ್ರೇ, ಆ ಬೋಗಿ ಇನ್ನೂ ದೊಡ್ಡದು ಗೊತ್ತಾ," ಶಿವರಾಮರ ದನಿ ಕಿಟಕಿಯಿಂದ ಕೇಳಿಸುತ್ತಲೇ ಇತ್ತು, "ಅದರಲ್ಲಿ ಸ್ಲೀಪರ್ ಬರ್ತ್ ಕೂಡ ಇದೆ, ಅದನ್ನ ಹೇಗೆ ಮಾಡ್ಬಹುದು ಅಂತ ನಿಮ್ಮನ್ನೇ..."

ಅವಳು ಹಳಿಯ ಪಕ್ಕದ ಜಲ್ಲಿಯ ಮೇಲೆ ಗೇಟಿನ ಕಡೆ ನಡೆಯುತ್ತಿದ್ದಳು.